ಹಾಪ್ಸ್ ಮೇಸ್ತ್ರಿಯ ಮೂಗು

ಅವರ ಎರಡೂ ಅಂಗೈಗಳು ಸದಾ ಹಳದಿ. ಅರಿಸಿನದ ಹಳದಿಯಲ್ಲ, ಸ್ವಲ್ಪ ಹಸಿರು ಬೆರೆತ, ಅಂಟಂಟಾದ, ಸೋಪು ಹಾಕಿ ಉಜ್ಜಿದರೂ ಬಿಡದ ಹಳದಿ. ರೈಲಿನಲ್ಲಿ ಪಕ್ಕ ಕೂತವರು ಮೂಗರಳಿಸಿ, "ಏನ್ರೀ, ನಾಟಿ ಔಷಧಿ ಅರೀತೀರಾ?" ಎಂದು ಕೇಳುತ್ತಿದ್ದರು. "ಔದು ಕಣಪ್ಪ, ಸಂಜೆ ಹೊತ್ತು ಕುಡಿಯೋ ಔಷಧಿ" ಎಂದು ಅವರು ನಗುತ್ತಿದ್ದರು.

ನಾವಿಬ್ಬರೂ ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆಯಲ್ಲಿದ್ದೆವು. ಅವರು ಮಾರಿಕುಪ್ಪಂನಲ್ಲಿ ರೈಲು ಹತ್ತಿ ಬರುತ್ತಿದ್ದರು, ನಾನು ಬಂಗಾರಪೇಟೆಯಲ್ಲಿ ಹತ್ತುತ್ತಿದ್ದೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಹೈಸ್ಕೂಲು ಮುಗಿಸಿ, ಮದುವೆಯೂ ಆಗಿ, ಉಗ್ರಾಣದ ಗುಮಾಸ್ತನಾಗಿ ಸೇರಿದ್ದೆ; ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅವರು ಹಾಪ್ಸ್ ಕೋಣೆಯ ಮೇಸ್ತ್ರಿ.

ಹಾಪ್ಸ್ ಎಂದರೆ ಬಿಯರಿಗೆ ಹಾಕುವ ಒಂದು ಬಳ್ಳಿಯ ಹೂವು. ಒಣಗಿಸಿ, ಮೂಟೆಯಲ್ಲಿ ಒತ್ತಿ ತುಂಬಿ ಕಳಿಸುತ್ತಾರೆ. ಮೇಸ್ತ್ರಿ ಒಂದು ಹೂ ಬಿಡಿಸಿ ಒಳಗಿನ ಹಳದಿ ಪುಡಿ ತೋರಿಸಿ, "ನಮ್ಮಪ್ಪ ಬಂಗಾರಕ್ಕೆ ಅಂತ ಗಣಿಯೊಳಕ್ಕೆ ಇಳಿದ. ನಂಗೆ ನೋಡ್ಲಾ, ಊವಿನಾಗೇ ಸಿಕ್ತು" ಎನ್ನುತ್ತಿದ್ದರು. ಒಂದು ತಳಿ ಕಹಿಗೆ. ಅದನ್ನು ಕುದಿಯ ಮೊದಲಿಗೇ ಹಾಕಬೇಕು, ಬೆಂದಷ್ಟೂ ಕಹಿ ಬಿಡುತ್ತದೆ. ಇನ್ನೊಂದು ತಳಿ ಪರಿಮಳಕ್ಕೆ. ನಿಂಬೆ ಎಲೆ, ಮರುಗ ಎರಡನ್ನೂ ಒಟ್ಟಿಗೆ ಹಿಸುಕಿದಂಥ ವಾಸನೆ. ಅದನ್ನು ಕೊನೆಗೆ, ಒಲೆ ಆರಿಸುವ ತುಸು ಮುಂಚೆ ಹಾಕಬೇಕು. ಮೊದಲೇ ಹಾಕಿದರೆ ಪರಿಮಳವೆಲ್ಲ ಆವಿಯಲ್ಲಿ ಹೋಗುತ್ತದೆ. ಈಗ ಬೆಂಗಳೂರಿನ ಸಣ್ಣ ಸಣ್ಣ ಬಿಯರ್ ಮನೆಗಳಲ್ಲಿ ಹಾಪ್ಸ್ ತಳಿಯ ಹೆಸರನ್ನೇ ಹಲಗೆಯ ಮೇಲೆ ಬರೆದು ಹಾಕುತ್ತಾರಂತೆ. ಆಗ ನಮಗೆ ತಳಿಯ ಹೆಸರು ಗೊತ್ತಿರಲಿಲ್ಲ. ಮೂಟೆಯ ಮೇಲಿನ ಅಚ್ಚು ಅಳಿಸಿಹೋಗಿರುತ್ತಿತ್ತು. ಮೇಸ್ತ್ರಿಯ ಮೂಗೇ ನಮಗೆ ಅಚ್ಚು.

ಆ ಮೂಗಿಗಾಗಿ ಅವರು ನಶ್ಯ ಬಿಟ್ಟಿದ್ದರು. ಕೆಲಸದ ದಿನ ಈರುಳ್ಳಿ ತಿನ್ನುತ್ತಿರಲಿಲ್ಲ. ಹೆಂಡತಿಗೆ ಮಲ್ಲಿಗೆ ತರುತ್ತಿರಲಿಲ್ಲ, ವಾಸನೆಯಿಲ್ಲದ ಕನಕಾಂಬರ ಮಾತ್ರ. "ಈಯಪ್ಪನ್ನ ಕಟ್ಕೊಂಡು ಒಂದು ಮೊಳ ಮಲ್ಲಿಗೆ ಮುಡೀಲಿಲ್ಲ" ಎಂದು ಆಕೆ ನನ್ನೆದುರೇ ಮೂದಲಿಸುತ್ತಿದ್ದರು.

ಒಮ್ಮೆ ಬೂದಿಕೋಟೆಯಲ್ಲಿ ಅವರ ತಂಗಿಯ ಮಗನ ಮದುವೆ. ಆ ವಾರ ಅವರಿಗೆ ಸ್ವಲ್ಪ ನೆಗಡಿ. ಆದರೂ ಹೊರಡುವ ಮುಂಚೆ ಎರಡು ಮೂಟೆ ಬಿಚ್ಚಿ, ಉಜ್ಜಿ, ಮೂಸಿ, ಸೀಮೆಸುಣ್ಣದಲ್ಲಿ ಒಂದೊಂದು ಅಕ್ಷರ ಬರೆದಿಟ್ಟರು. "ಗುರುತು ಆಕಿದೀನಿ ಕಣ್ಲಾ, ನೋಡ್ಕಂಡು ಕೊಡು. ನಾಡಿದ್ದು ಬತ್ತೀನಿ" ಎಂದು ಹೋದರು.

ಒಂದು ಮೂಟೆಯ ಮೇಲೆ 'ಚೆ', ಇನ್ನೊಂದರ ಮೇಲೆ 'ಕ'. ನನಗೆ ಯೋಚನೆಯೇ ಬೇಕಾಗಲಿಲ್ಲ. 'ಕ' ಅಂದರೆ ಕಹಿ. 'ಚೆ' ಅಂದರೆ ಚೆನ್ನಾದ ವಾಸನೆಯದು. ಕುದಿಸುವವರಿಗೆ 'ಕ' ಮೊದಲು ಕೊಟ್ಟೆ, 'ಚೆ' ಕೊನೆಗೆ ಕೊಟ್ಟೆ.

ಆ ಕುದಿ ಪೂರ್ತಿ ಕೆಟ್ಟಿತು. ಬಾಯಲ್ಲಿ ಕಹಿಯೇ ನಿಲ್ಲಲಿಲ್ಲ, ಮೂಗಿಗೆ ಮಾತ್ರ ಹಸಿ ಗೋಂದಿನಂಥ ಘಾಟು. ಎಲ್ಲವನ್ನೂ ಮೋರಿಗೆ ಬಿಟ್ಟರು. ಮೇಸ್ತ್ರಿ ವಾಪಸು ಬಂದವರೇ ಅಂಗಳದಿಂದಲೇ ಕೂಗಿದರು: "ಚೇದು ಮೂಟೆ ಯಾವಾಗ ಕೊಟ್ಟೆಲಾ? ಕಮ್ಮಂದು ಯಾವಾಗ ಕೊಟ್ಟೆ?"

ಆಗ ತಿಳಿಯಿತು. ಅವರದು ತೆಲುಗು ಮನೆಮಾತು, ಓದಿದ್ದು ಕನ್ನಡ ಶಾಲೆ. ಅಕ್ಷರ ಕನ್ನಡದ್ದು, ಮಾತು ತೆಲುಗಿನದು. 'ಚೆ' ಅಂದರೆ, ದೀರ್ಘ ಬಿಟ್ಟು ಬರೆದ ಚೇದು, ಅಂದರೆ ಕಹಿ. 'ಕ' ಅಂದರೆ ಕಮ್ಮಗಿರುವ, ಘಮಘಮಿಸುವ ಹಾಪ್ಸ್.

ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ನಾನು ಕೋಣೆಗೆ ಓಡಿದೆ. ಎರಡು ಅಕ್ಷರಗಳನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಗುರುತು ಹಾಕಿದವರದೇ ತಪ್ಪು ಎಂದು ಕಾಣುವಂತೆ ಅದಲುಬದಲು ಮಾಡಿ, ಪರಿಮಳದ ಮೂಟೆಗೆ 'ಚೆ', ಕಹಿಯದಕ್ಕೆ 'ಕ' ಎಂದು ಬರೆದೆ. ಅವರ ಕೈಬರಹದಂತೆಯೇ ಬರೆದೆ.

ಮೇಸ್ತ್ರಿ ಬಂದು 'ಚೆ' ಎಂದಿದ್ದ ಮೂಟೆಯಿಂದ ಹಿಡಿ ಹೂ ತೆಗೆದು ಉಜ್ಜಿ ಮೂಸಿದರು. ನಿಂಬೆ ಎಲೆ, ಮರುಗ. ಮತ್ತೆ ಮೂಸಿದರು. ಅಕ್ಷರವನ್ನೇ ನೋಡುತ್ತಾ ನಿಂತರು.

"ಇದರ ಮೇಲೆ ನಾನು ಇಂಗೆ ಬರೆದ್ನಾ?" ಎಂದರು.

"ಹೂಂ ಅಣ್ಣಾ. ನೀವು ಬರೆದಂಗೇ ಕೊಟ್ಟೆ."

ಮ್ಯಾನೇಜರು, "ವಯಸ್ಸಾಯ್ತಲ್ಲ, ಮೂಗು ಹೋಯ್ತು" ಎಂದರು. ಮೇಸ್ತ್ರಿ, "ನೆಗಡಿ ಇತ್ತು ಸಾರ್" ಎಂದಷ್ಟೇ ಅಂದರು. ಅವರನ್ನು ಬಾಟಲಿ ತೊಳೆಯುವ ಕಡೆಗೆ ಹಾಕಿದರು. ಒಂದೆರಡು ತಿಂಗಳಿಗೆ ಅಂಗೈಯ ಹಳದಿ ಬಿಟ್ಟುಹೋಯಿತು. ಅದೇ ರೈಲಿನಲ್ಲಿ ನನ್ನ ಪಕ್ಕವೇ ಕೂತು, ನನ್ನ ಮಕ್ಕಳ ಕ್ಷೇಮ ವಿಚಾರಿಸಿಕೊಂಡು, ಅವರು ನಿವೃತ್ತಿಯವರೆಗೂ ಓಡಾಡಿದರು. ನಾನು ಬಾಯಿ ಬಿಡಲಿಲ್ಲ.

ಆ ಕುದಿ ಕೆಟ್ಟು ಹದಿನೈದು ವರ್ಷವಾದ ಮೇಲೆ ಅವರು ಹಾಸಿಗೆ ಹಿಡಿದಿದ್ದಾರೆಂದು ಕೇಳಿ ಮಾರಿಕುಪ್ಪಂಗೆ ಹೋದೆ. ಕಾಫಿ ಕೊಡುತ್ತಾ ಅವರ ಹೆಂಡತಿ ಹೇಳಿದರು: "ಇವರದೊಂದು ಕತೆ ಕೇಳಪ್ಪ. ಒಲೆ ಮೇಲೆ ಸಾರು ಸೀದರೆ ನನ್ನನ್ನ ಕರೆದು ಕೇಳ್ತಾರೆ, 'ಸೀದ ವಾಸನೆ ನಿಜವಾಗ್ಲೂ ಬತ್ತಾ ಐತಾ, ಇಲ್ಲ ನಂಗೆ ಅಂಗನ್ನಿಸ್ತಾ ಐತಾ?' ಅಂತ. ಯಾವ ವಾಸನೇನೂ ನಂಬಲ್ಲ."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ. ಅಲ್ಲೇ, ಆಕೆಯ ಎದುರಿಗೇ ಎಲ್ಲವನ್ನೂ ಹೇಳಿದೆ.

ಮೇಸ್ತ್ರಿ ಸೂರು ನೋಡುತ್ತಾ ಮಲಗಿದ್ದರು. "ಚೆ ಅಂದ್ರೆ ಚೆನ್ನಾಗಿರೋದಾ? ಥೂ ನಿನ್ನ ಕನ್ನಡಕ್ಕೆ!" ಎಂದು ನಕ್ಕರು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ, "ತಪ್ಪು ಓದಿದ್ದು ಓಗ್ಲಿ. ಅಳಿಸಿ ಬರೀಬಾರದಾಗಿತ್ತು ಕಣ್ಲಾ" ಎಂದರು. ನಾನು ಅವರ ಕಾಲು ಹಿಡಿದುಕೊಂಡೆ. ಅವರು ನನ್ನ ಕಡೆ ನೋಡಲಿಲ್ಲ. ಹೆಂಡತಿಯ ಕಡೆ ತಿರುಗಿ, "ಕೇಳಿಸ್ಕಂಡ್ಯಾ? ನನ್ನ ಮೂಗು ಸರಿಯಾಗೇ ಇತ್ತಂತೆ" ಎಂದರು.

ತಿಂಗಳೊಳಗೆ ತೀರಿಕೊಂಡರು. ತಿಥಿಯ ದಿನ ಆಕೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ನೀನು ಬಂದೋದ ಮೇಲೆ ದಿನಾ ಬೆಳಗ್ಗೆ ಮಲಗಿದ ಕಡೆಯಿಂದಲೇ ಹೇಳೋರಪ್ಪ, 'ಪಕ್ಕದ ಮನೇಲಿ ಉರುಳಿಕಾಳು ಬೇಯ್ತಾ ಐತೆ, ಎದುರು ಮನೇಲಿ ಹಾಲು ಉಕ್ತು.' ನಾನು ಓಗಿ ನೋಡ್ಕಂಡು ಬರೋಳು. ಒಂದು ದಿನಾನೂ ತಪ್ಪಲಿಲ್ಲ."