ಪರದೆಯ ಈಚೆ ಕೂತ ಸಾಹೇಬರು

ಗೋವಿಂದರಾಜನಗರದ ನಮ್ಮ ವಠಾರದಲ್ಲಿ, ಪಕ್ಕದ ಮನೆಯ ಒಳಬಾಗಿಲಿಗೆ ಪರದೆಯಾಗಿ ಇಳಿಬಿದ್ದಿದ್ದದ್ದು ನನ್ನದೇ ಹಳೆಯ ಇಳಕಲ್ ಸೀರೆ. ಉಡಲು ಬಾರದ, ಎಸೆಯಲು ಮನಸ್ಸೂ ಬಾರದ ಅದನ್ನು ಆ ಮನೆಯ ಖುರ್ಷಿದಾಗೆ ಕೊಟ್ಟಿದ್ದೆ. ಎಪ್ಪತ್ತರ ದಶಕದ ಮಾತು. ಮಾಗಡಿ ರಸ್ತೆಯಲ್ಲಿ ಅವಳ ಗಂಡನ ಸೈಕಲ್ಲಿಗೆ ಲಾರಿಯೊಂದು ಬಡಿದು ಅವನು ಅಲ್ಲೇ ತೀರಿಕೊಂಡ. ಹಿಂದೆ ಕ್ಯಾರಿಯರ್ ಮೇಲೆ ಕೂತಿದ್ದ ಅವಳು ರಸ್ತೆ ಬದಿಯ ಮಣ್ಣಿಗೆ ಬಿದ್ದು ಬದುಕಿಕೊಂಡಳು. ಲಾರಿ ಬಂದ ಬಗೆಯನ್ನು ಕಂಡವಳು ಅವಳೊಬ್ಬಳೇ.

ಅವರಲ್ಲಿ ಗಂಡನನ್ನು ಕಳೆದುಕೊಂಡವಳು ನಾಲ್ಕು ತಿಂಗಳಿಗೂ ಮಿಕ್ಕಿ ಹೊಸಿಲು ದಾಟುವುದಿಲ್ಲ, ಪರಗಂಡಸರ ಎದುರು ಬರುವುದಿಲ್ಲ. ಅದಕ್ಕೆ ಇದ್ದತ್ ಎನ್ನುತ್ತಾರೆ. ದುಃಖದ ಸುತ್ತ ಒಂದು ಗೋಡೆ ಕಟ್ಟಿ, ಒಳಗೆ ನೆಮ್ಮದಿಯಾಗಿ ಅಳಲು ಬಿಡುವ ಏರ್ಪಾಡೆಂದು ನಾನು ತಿಳಿದಿದ್ದೆ. ಪೊಲೀಸರು ತಿಳಿದ ಬಗೆ ಬೇರೆ. ಕಾನ್‌ಸ್ಟೇಬಲ್ ಒಬ್ಬ ಬಂದು, "ಆಯಮ್ಮ ಸ್ಟೇಷನ್ನಿಗೆ ಬಂದು ಹೇಳಿಕೆ ಕೊಡ್ಬೇಕಂತೆ. ಬರದಿದ್ರೆ ಕೇಸು ಮುಚ್ಚಿಬಿಡ್ತಾರಂತೆ" ಎಂದು ಸಾರಿ ಹೋದ.

ಮರುದಿನ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ನಾನೇ ಸ್ಟೇಷನ್ನಿಗೆ ಹೋದೆ. ಸಬ್ ಇನ್ಸ್‌ಪೆಕ್ಟರ್ ಸಾಹೇಬರು ಯಾವುದೋ ಕಳ್ಳತನದ ತನಿಖೆಗೆ ಹೊರಟವರು, ರಾಹುಕಾಲ ಕಳೆಯಲೆಂದು ಜೀಪು ಹತ್ತದೆ ಕೂತಿದ್ದರು. ಇದ್ದತ್ತಿನ ವಿಷಯ ಹೇಳಿದೆ.

"ಇದೆಲ್ಲ ಮೂಢನಂಬಿಕೆ ಟೀಚರ್" ಎಂದರು, ಗಡಿಯಾರ ನೋಡಿಕೊಳ್ಳುತ್ತಾ. ಆಮೇಲೆ ನನ್ನ ಹಣೆಯ ವಿಭೂತಿಯ ಮೇಲೆ ಅವರ ಕಣ್ಣು ನಿಂತಿತು. "ಅಲ್ಲ, ನಮ್ಮೋರಾಗಿ ನೀವು ಯಾಕೆ ಇದಕ್ಕೆಲ್ಲ ಬರ್ತೀರಿ?"

"ಅವಳು ನಮ್ಮ ವಠಾರದವಳು ಸಾರ್. ಹೆಂಗಸರ ಹೇಳಿಕೆ ಅವರ ಮನೇಲೇ ತಗೋಬೇಕು ಅಂತ ಕಾನೂನೇ ಇದೆಯಲ್ಲ. ಕಣ್ಣಾರೆ ಕಂಡವಳನ್ನ ಯಾಕೆ ಕೇಳಲಿಲ್ಲ ಅಂತ ನಾಳೆ ಕೋರ್ಟಲ್ಲಿ ಕೇಳಿದ್ರೆ ಏನು ಹೇಳ್ತೀರಿ?"

ಕಾನೂನಿನ ಹೆಸರು ಕೇಳಿ ಸಾಹೇಬರು, ದೂರದ ನೆಂಟನ ಹೆಸರು ಕೇಳಿದವರಂತೆ ಸ್ವಲ್ಪ ಹೊತ್ತು ಯೋಚಿಸಿದರು. ಸಂಜೆ ಬರುವುದಾಗಿ ಒಪ್ಪಿದರು.

ಮಿತ್ರರೇ, ಅಜ್ಞಾನ ಯಾರಲ್ಲಿಲ್ಲ? ಆದರೆ ನಮ್ಮ ನಿಮ್ಮ ಅಜ್ಞಾನ ಮುದುಡಿದ ಪಂಚೆಯಂತೆ ಮೂಲೆಯಲ್ಲಿ ಬಿದ್ದಿರುತ್ತದೆ. ಅಧಿಕಾರದಲ್ಲಿರುವವರದು ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿಯಂತೆ ಸೆಟೆದು ನಿಂತು, ಎದುರಿನವರೇ ಬಾಗಲಿ ಎಂದು ಕಾಯುತ್ತದೆ.

ಸಂಜೆ ಸಾಹೇಬರು ಬಂದರು. ನಮಾಜಿನ ಚಾಪೆಯನ್ನು ಬೂಟಿನಲ್ಲೇ ಆಚೆ ಸರಿಸಿ, ಕುರ್ಚಿ ಎಳೆದು ಕೂತು, ಪರದೆಯತ್ತ ತಿರುಗಿ ಕಿವುಡರೊಡನೆ ಮಾತಾಡುವಂತೆ ಹರುಕು ಉರ್ದುವಿನಲ್ಲಿ ಕೂಗಿದರು: "ತುಮಾರಾ ಮರದ್ ಕೈಸಾ ಮರಾ?"

ಒಳಗಿಂದ ದನಿ ಬಂತು. "ಗಂಡ ಹೆಂಗೆ ಸತ್ತ ಅಂತ ಕನ್ನಡದಲ್ಲೇ ಕೇಳಿ ಸಾರ್. ನಾನು ಮಾಗಡಿಯವಳು."

ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಕಾನ್‌ಸ್ಟೇಬಲ್ ತಲೆ ತಗ್ಗಿಸಿದ. ಸಾಹೇಬರು ಗಂಟಲು ಸರಿಮಾಡಿಕೊಂಡರು. "ಸರಿ. ನಿನ್ನ ಗಂಡನಿಗೆ ಬೇರೆ ಹೆಂಡ್ತೀರು ಎಷ್ಟು ಜನ?"

ನನಗೆ ಮೈಯೆಲ್ಲ ಉರಿಯಿತು, ಆದರೆ ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು: "ನಾನೊಬ್ಬಳೇ, ಬರ್ಕೊಳ್ಳಿ. ಲಾರಿ ರಾಂಗ್ ಸೈಡಲ್ಲಿ ಬಂತು, ಅದನ್ನೂ ಬರ್ಕೊಳ್ಳಿ. ಡ್ರೈವರ್ ಇಳಿದು ಬಂದು ನನ್ನ ಮುಖ ನೋಡಿ ವಾಪಸ್ ಹತ್ತಿ ಹೋದ. ಇನ್ನೊಂದ್ಸಲ ಕಂಡ್ರೆ ಗುರುತು ಹಿಡೀತೀನಿ."

ಇದ್ದತ್ ಮುಗಿದ ಎಷ್ಟೋ ತಿಂಗಳ ಮೇಲೆ ಕೇಸು ಕೋರ್ಟಿಗೆ ಬಂತು. ಬುರ್ಖಾದ ಮುಸುಕು ಸರಿಸಿ ಅವಳು ಡ್ರೈವರನನ್ನು ಬೆರಳು ಮಾಡಿ ತೋರಿಸಿದಳು. ಮುಂದೆ ಅವನಿಗೆ ಶಿಕ್ಷೆಯಾದದ್ದು ಆ ಗುರುತಿನಿಂದಲೇ. ಸಾಕ್ಷಿ ಮುಗಿಸಿ ಬಂದು ನನ್ನ ಪಕ್ಕ ಕೂತಳು. ಆಮೇಲೆ ಸಾಹೇಬರು ಕಟಕಟೆ ಹತ್ತಿ, ಟೋಪಿ ಕಂಕುಳಲ್ಲಿಟ್ಟುಕೊಂಡು, ಗಂಭೀರವಾಗಿ ನುಡಿದರು: "ಅವರ ಧರ್ಮದ ಪದ್ಧತಿಗೆ ಗೌರವ ಕೊಟ್ಟು, ಸ್ವಾಮಿ, ನಾನೇ ಖುದ್ದಾಗಿ ಮನೆಗೆ ಹೋಗಿ ಹೇಳಿಕೆ ಪಡೆದೆ."

ಗಂಡ ಸತ್ತ ಮೇಲೆ ಖುರ್ಷಿದಾ ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು. ಮುಸುಕನ್ನು ಬಾಯಿಗೊತ್ತಿಕೊಂಡು ನನ್ನ ಕಿವಿಯ ಹತ್ತಿರ ಬಾಗಿ ಕೇಳಿದಳು: "ಅಕ್ಕಾ, ಇವರು ಯಾರ ಮನೆಗೆ ಹೋಗಿದ್ರಂತೆ?"