ಹೊರಗೆ ಕಂಡದ್ದನ್ನು ಹೇಳಿ ಒಳಗೆ ಬನ್ನಿ

“ದನಾ ಕಾಯಾಕ ಸರ್ಕಾರ ಸಂಬಳ ಕೊಡ್ತೈತೇನ್ರಿ ನಿಮಗ?”

ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಜಂಬಪ್ಪ ಮೇಷ್ಟ್ರನ್ನು ನಮ್ಮೆಲ್ಲರ ಎದುರಿಗೇ ಹೀಗೆ ಕೇಳಿದ್ದರು. ಪಾಪಿನಾಯಕನಹಳ್ಳಿಯ ನಮ್ಮ ಆರನೇ ತರಗತಿ ಆಗ ಕೋಣೆಯಲ್ಲಿರಲಿಲ್ಲ. ಮೈದಾನದಲ್ಲಿ ಬಂಡೆಯ ನೆರಳನ್ನು ಹಗ್ಗದಿಂದ ಅಳೆಯುತ್ತಿತ್ತು. ಹಗ್ಗದ ಒಂದು ತುದಿ ನನ್ನ ಕೈಯಲ್ಲಿತ್ತು. ಅಧಿಕಾರಿಯ ಜತೆಗೆ ಬಂದಿದ್ದವರು ನಕ್ಕರು. ಮೇಷ್ಟ್ರು ನಮ್ಮ ಕಡೆ ತಿರುಗಿದರು. “ಬರ್ರಲೇ, ಹೊಲದ ಕಡಿ ಹೋಗಾಣ” ಎಂದು ನಮ್ಮನ್ನು ಕರೆದುಕೊಂಡು ಅಧಿಕಾರಿಯ ಪಕ್ಕದಿಂದಲೇ ನಡೆದುಬಿಟ್ಟರು. ಆ ನಡಿಗೆಯನ್ನು ನೋಡಿದ ದಿನದಿಂದ ಅವರು ನನಗೆ ದೇವರಾದರು.

ಹೊಸಪೇಟೆ ಸೀಮೆಯಲ್ಲಿ ಮಕ್ಕಳ ಆಟದ, ಬಯಲಿನ ಕಲಿಕೆಯ ಮಾತು ಬಂದಾಗ ಮೊದಲು ನೆನೆಯಬೇಕಾದ ಹೆಸರು ಶ್ರೀಯುತ ಜಂಬಪ್ಪನವರದು. ಈ ಅಭಿನಂದನ ಗ್ರಂಥದ ಸಂಪಾದಕಿ ಶಾಂಭವಿ ಮೇಡಂ ಲೇಖನ ಕೇಳಿದಾಗ, ಎಂಟನೇ ತರಗತಿಗೆ ಶಾಲೆ ಬಿಟ್ಟು ಲಾರಿ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುವವನು ಏನು ಬರೆದಾನು ಎಂದೆ. ಮೇಲಾಗಿ ನನಗೆ ಅವರ ಮೇಲೆ ಸಿಟ್ಟಿದೆ ಎಂದೂ ಹೇಳಿದೆ. “ಸಿಟ್ಟಿದ್ರ ಸಿಟ್ಟಿನ್ಯಾಗ ಬರಿಯಪ್ಪ ತಿಪ್ಪೇಶ, ಆದ್ರ ಸ್ವಲ್ಪ ಹೊಗಳು” ಎಂದರು. ಪ್ರಯತ್ನಿಸುತ್ತಿದ್ದೇನೆ.

ಕಂಪ್ಲಿಯ ಹತ್ತಿರದ ಹಳ್ಳಿಯೊಂದರಲ್ಲಿ ಗದ್ದೆಯ ಬದುವಿನ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಪಾಠ ಹೇಳುವುದರಿಂದ ಅವರ ಸೇವೆ ಆರಂಭವಾಯಿತಂತೆ. ನಮ್ಮೂರಿಗೆ ವರ್ಗವಾಗಿ ಬಂದ ಮೇಲೆ ಅವರು ಒಂದು ಪದ್ಧತಿ ತಂದರು. ಬಯಲಿನಿಂದ ತರಗತಿಗೆ ಮರಳುವಾಗ ಬಾಗಿಲಿಗೆ ಅಡ್ಡ ನಿಂತು, “ಹೊರಗ ಏನ್ ಕಂಡಿ? ಹೇಳಿ ಒಳಗ ಬಾ” ಎನ್ನುವರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಹದ್ದು, ಇರುವೆಗೂಡು, ಹರಿದ ಚಪ್ಪಲಿ ಎಲ್ಲ ಮುಂದಿನವರಿಗೇ ಮುಗಿದುಹೋಗುತ್ತಿದ್ದವು. ಸಾಲಿನ ಕೊನೆಯಲ್ಲಿದ್ದ ನಾನು ಒಮ್ಮೆ, “ಸರ್, ನಿಮ್ಮ ಅಂಗಿ ಬೆನ್ನಿನ್ಯಾಗ ಹರದೈತ್ರಿ” ಎಂದೆ. ಅವರು ಕೈ ಹಿಂದೆ ಹಾಕಿ ತಡವಿಕೊಂಡು, “ಇವನೊಬ್ಬನ ಕಣ್ಣು ಮಸ್ತ್ ಅದಾವ” ಎಂದು ಒಳಗೆ ಬಿಟ್ಟರು. ಶಾಲೆಯಲ್ಲಿ ನನಗೆ ಸಿಕ್ಕ ಬಹುಮಾನ ಅದೊಂದೇ.

ಅಪ್ಪನ ಬೆನ್ನುಮೂಳೆ ಕೆಟ್ಟು ನಾನು ಗ್ಯಾರೇಜಿಗೆ ಸೇರಿದಾಗ ಅವರು ಉಪದೇಶ ಮಾಡಲಿಲ್ಲ. ಸಂಜೆ ಖೊಖೊ ಆಡುವ ಹುಡುಗರನ್ನು ನಾನು ದೂರದಿಂದ ನೋಡುತ್ತಿದ್ದುದನ್ನು ಕಂಡು, “ಸಾಲಿ ಬಿಟ್ಟಿ, ಸರಿ. ಮೈದಾನ ಬಿಡು ಅಂತ ಯಾರ್ ಹೇಳ್ಯಾರ? ಕುಂದ್ರು ಆಟದ ಸಾಲಿನ್ಯಾಗ” ಎಂದು ಗದರಿಸಿದರು. ಗ್ರೀಸು ಹತ್ತಿದ ಬಟ್ಟೆಯಲ್ಲೇ ನಾನು ಕುಳಿತೆ, ಓಡಿದೆ. ಆ ಸಂಜೆಗಳು ಇಲ್ಲದಿದ್ದರೆ ನಾನು ಏನಾಗಿರುತ್ತಿದ್ದೆನೋ ಗೊತ್ತಿಲ್ಲ.

ಆಮೇಲೆ ಸಂಡೂರಿನ ಕಡೆಯಿಂದ ಬರುವ ಅದಿರಿನ ಲಾರಿಗಳು ರಾತ್ರಿ ಅದೇ ಮೈದಾನದಲ್ಲಿ ತಂಗತೊಡಗಿದವು. ಒಡೆದ ಬಾಟಲಿಯ ಮೇಲೆ ಕಾಲಿಟ್ಟು ಒಂದು ಮಗುವಿಗೆ ಹೊಲಿಗೆ ಬಿತ್ತು. ಮೇಷ್ಟ್ರು ಕಚೇರಿಯಿಂದ ಕಚೇರಿಗೆ ಅಲೆದು ಕಾಂಪೌಂಡ್ ಕಟ್ಟಿಸಿದರು, ಗೇಟು ಹಾಕಿಸಿದರು. ಮುಂದೆ ಬಡ್ತಿ ಪಡೆದು ಹೊಸಪೇಟೆಯ ಶಿಕ್ಷಣ ಇಲಾಖೆಯ ಕಚೇರಿಗೆ ಹೋದ ಮೇಲೆ, ಶಾಲಾ ವೇಳೆ ಮುಗಿದೊಡನೆ ಎಲ್ಲ ಮೈದಾನಗಳಿಗೂ ಬೀಗ ಹಾಕಬೇಕೆಂದು ಆದೇಶ ಹೊರಟಿತು. ಕೆಳಗಿನ ಸಹಿ ಅವರದೇ.

ಲಾರಿಗಳು ಮೈದಾನಕ್ಕೆ ಬರುವುದು ನಿಂತಿತು, ನಿಜ. ಮಕ್ಕಳು ಬರುವುದೂ ನಿಂತಿತು. ಐದನೇ ತರಗತಿಯಲ್ಲಿ ಓದುವ ನನ್ನ ತಂಗಿ ಪೂಜಿತಾ ಈಗ ಗೇಟಿನ ಹೊರಗೆ, ರಸ್ತೆಯ ಅಂಚಿನಲ್ಲಿ ಕುಂಟಾಬಿಲ್ಲೆ ಆಡುತ್ತಾಳೆ. ಲಾರಿ ಬಂದಾಗಲೆಲ್ಲ ಚೌಕ ಬಿಟ್ಟು ಗೋಡೆಗೆ ಅಂಟಿಕೊಳ್ಳುತ್ತಾಳೆ. ಮೇಷ್ಟ್ರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಾರೆ. ಅಷ್ಟರೊಳಗೆ ಆ ಆದೇಶವನ್ನು ಅವರು ತಿದ್ದದಿದ್ದರೆ ಆಮೇಲೆ ಬರುವವರು ಅದನ್ನು ಮುಟ್ಟುತ್ತಾರೆಂಬ ನಂಬಿಕೆ ನನಗಿಲ್ಲ. ನನ್ನನ್ನು ಮೈದಾನಕ್ಕೆ ಕರೆದವರೇ ಅವಳನ್ನು ರಸ್ತೆಗೆ ಹಾಕಿದ್ದು ಹೇಗೆ? ಎಷ್ಟು ಯೋಚಿಸಿದರೂ ಇಬ್ಬರು ಜಂಬಪ್ಪನವರು ನನ್ನ ತಲೆಯಲ್ಲಿ ಒಂದಾಗುತ್ತಿಲ್ಲ. ಸಿಟ್ಟನ್ನು ಯಾವ ಮೇಷ್ಟ್ರ ಮೇಲೆ ಇಡಲಿ, ಕೃತಜ್ಞತೆಯನ್ನು ಯಾರಿಗೆ ಒಪ್ಪಿಸಲಿ?

ಆದರೂ ಹಾರೈಸುತ್ತೇನೆ, ಮನಸ್ಸಿಟ್ಟೇ ಹಾರೈಸುತ್ತೇನೆ. ಪೂಜ್ಯರು ನೂರು ವರ್ಷ ಬಾಳಲಿ; ಅವರ ಮೊಣಕಾಲು ಗಟ್ಟಿಯಾಗಿರಲಿ; ಕಚೇರಿಯ ಕುರ್ಚಿಯಿಂದ ಎದ್ದ ಮೇಲೆ ಮತ್ತೆ ಮಕ್ಕಳ ಸಾಲಿನ ಮುಂದೆ ನಡೆಯುವಂತಾಗಲಿ; ಅವರ ಕೆಲಸ ಇನ್ನೂ ಮುಗಿದಿಲ್ಲ.

ಕಳೆದ ಭಾನುವಾರ ಗ್ರಂಥ ಸಮಿತಿಯ ಸಭೆ ಮೈದಾನದ ಎದುರಿನ ಸಮುದಾಯ ಭವನದಲ್ಲಿತ್ತು. ಮೇಷ್ಟ್ರು ಆಟೋದಿಂದ ಇಳಿದು ಬಂದರು. ನಾನು ಬಾಗಿಲಿಗೆ ಅಡ್ಡ ನಿಂತೆ.

“ಹೊರಗ ಏನ್ ಕಂಡ್ರಿ ಸರ್? ಹೇಳಿ ಒಳಗ ಬರ್ರಿ.”

ಒಳಗಿದ್ದವರೆಲ್ಲ ತಮಾಷೆಯೆಂದು ನಕ್ಕರು. “ಲೇ ತಿಪ್ಪೇಶ, ದಾರಿ ಬಿಡಲೇ, ಚಹಾ ಆರತೈತಿ!” ಎಂದು ಯಾರೋ ಕೂಗಿದರು. ಮೇಷ್ಟ್ರೂ ನಗುತ್ತಲೇ ಹಿಂತಿರುಗಿ ನೋಡಿದರು. ಬೀಗ ಹಾಕಿದ ಗೇಟಿನ ಮುಂದೆ ಪೂಜಿತಾ ಒಂಟಿ ಕಾಲಿನ ಮೇಲಿದ್ದಳು. ಲಾರಿಯೊಂದು ಹಾರ್ನ್ ಹೊಡೆಯಿತು. ಅವಳು ಕಾಲು ಊರಿ ಗೋಡೆಗೆ ಸರಿದಳು.

ಮೇಷ್ಟ್ರ ನಗು ನಿಂತಿತು. ನಾನು ಕಾದೆ. ಅವರು ನನ್ನ ಕಡೆ ತಿರುಗಲಿಲ್ಲ, ಒಳಗೂ ಬರಲಿಲ್ಲ. ಮೆಟ್ಟಿಲಿಳಿದು, ಬೀಗದ ಗೇಟನ್ನೂ ಪೂಜಿತಾಳನ್ನೂ ದಾಟಿ, ಅವತ್ತು ಅಧಿಕಾರಿಯ ಪಕ್ಕದಿಂದ ನಡೆದ ಹಾಗೆಯೇ ನಡೆದುಹೋದರು. ಈ ಸಲ ಅವರ ಹಿಂದೆ ಮಕ್ಕಳಿರಲಿಲ್ಲ.