ಬೀಜದ ಚೀಲ ಗಿರಣಿಗೆ ಹೋದ ವರ್ಷ

ಆ ವರ್ಷ ನಮ್ಮ ಬೀಜದ ಭತ್ತವನ್ನು ಗಿರಣಿಗೆ ಹಾಕಿಸಿದವಳು ನಾನೇ. ಬೇರೆಯವರ ಮೇಲೆ ಹಾಕಿ ಹೇಳುವುದಿಲ್ಲ. ಸಾವಿರದ ಒಂಬೈನೂರ ಇಪ್ಪತ್ತರ ನಂತರದ ಮಾತು. ಇಸವಿ ಸರಿಯಾಗಿ ನೆನಪಿಲ್ಲ.

ಖಾನಾಪುರದ ಕಡೆ ಬೀಡಿ ಅನ್ನುವ ಊರಿನ ಹತ್ತಿರ ನಮ್ಮ ಹೊಲ. ಅತ್ತೆ ಪ್ರತಿವರ್ಷ ಒಳ್ಳೆಯ ತೆನೆ ಆರಿಸಿ, ಬಡಿದು, ಬೇವಿನ ಎಲೆ ಬೆರೆಸಿ, ಸೆಗಣಿ ಸಾರಿಸಿದ ಬಿದಿರಿನ ಗಳಗಿಯಲ್ಲಿ ಬೀಜ ಇಡುತ್ತಿದ್ದಳು. ಆ ವರ್ಷ ಇಲಿ ಗಳಗಿಗೆ ತೂತು ಮಾಡಿತ್ತು. ಬೆಳಗಾವಿಯ ಅಡತಿ ಅಂಗಡಿಯಿಂದ ಬಂದ ಗೋಣಿಚೀಲಗಳಿವೆಯಲ್ಲ, ಅವುಗಳಲ್ಲೇ ತುಂಬೋಣ ಅಂದೆ. ಅತ್ತೆಗೆ ಮನಸ್ಸಿರಲಿಲ್ಲ. ನಾನೇ ತುಂಬಿ, ಉಣ್ಣುವ ಭತ್ತದ ಚೀಲಗಳ ಬಾಜು ನಿಲ್ಲಿಸಿದೆ. ಎಲ್ಲಕ್ಕೂ ಆ ಅಡತಿ ಕಂಪನಿಯ ಒಂದೇ ಶಿಕ್ಕಾ ಒತ್ತಿತ್ತು.

ರೋಹಿಣಿ ಮಳೆಗೆ ಮೊದಲು ಗಂಡನಿಗೆ ಚಳಿಜ್ವರ ಬಂತು. ಮನೆಯಲ್ಲಿ ಅಕ್ಕಿ ಮುಗಿದಿತ್ತು, ಕುಟ್ಟುವುದಕ್ಕೆ ನನಗೆ ಬೇಸರ. ಖಾನಾಪುರದಲ್ಲಿ ಹೊಸದಾಗಿ ಎಣ್ಣೆ ಇಂಜಿನಿನ ಗಿರಣಿ ಕೂತಿತ್ತು. ಅತ್ತೆ ಒಳಗೆ ಮಗನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ನಾನು ಬಾಡಿಗೆ ಗಾಡಿಗೆ ಎರಡು ಚೀಲ ಹೇರಿಸಿಕೊಂಡು ಹೊರಟೆ.

ಗಿರಣಿಯ ನೆಲ ನಡುಗುತ್ತಿತ್ತು. ಕೂತರೆ ಕೂಡಲಾಗದು, ನಿಂತರೆ ನಿಲ್ಲಲಾಗದು. ಮೊದಲ ಚೀಲ ಮುಗಿಯಿತು. ಎರಡನೆಯದನ್ನು ಸುರಿಯುವಾಗ ಭತ್ತದ ಜೊತೆ ಒಣಗಿದ ಬೇವಿನ ಎಲೆ ಬಿತ್ತು. ಅದು ಬೀಜದ ಚೀಲ. ನಿಲ್ಲಿಸಿ ಎಂದು ಕೂಗಿದ್ದು ಆ ಸದ್ದಿನಲ್ಲಿ ಗಿರಣಿಯವನಿಗೆ ಕೇಳಲಿಲ್ಲ. ತೋಳು ಹಿಡಿದು ಜಗ್ಗಿದೆ. ಅವನು ಇಂಜಿನಿನ ಪಟ್ಟಾ ಜಾರಿಸುವಷ್ಟರಲ್ಲಿ ಅರ್ಧ ಚೀಲ ಅಕ್ಕಿಯಾಗಿ ಕೆಳಗಿತ್ತು.

"ಬೀಜ ಅಂತ ಮದ್ಲ ನೋಡಬಾರದೇನವಾ? ಉಣ್ಣೂದು ಯಾವ್ದು, ಬಿತ್ತೂದು ಯಾವ್ದು, ಗಿರಣಿಗೇನ ಗೊತ್ತ?" ಅಂದ. ಅವನ ತಪ್ಪಿಲ್ಲ.

ಉಳಿದದ್ದು ಅರ್ಧ ಹೊಲಕ್ಕೆ ಸಾಕು. ಇನ್ನರ್ಧಕ್ಕೆ? ಗಾಡಿಯವನ ಕೈಯಲ್ಲಿ ಎಲ್ಲ ಮನೆಗೆ ಕಳಿಸಿ, ಅಲ್ಲಿಂದಲೇ ರೈಲು ಹತ್ತಿ ಬೆಳಗಾವಿಗೆ ಹೋದೆ. ಬೀಜ ಸಿಗಲಿ ಎಂದು ಒಂದು, ಅತ್ತೆಯ ಮುಖ ನೋಡುವುದು ತಪ್ಪಲಿ ಎಂದು ಇನ್ನೊಂದು.

ಪೇಟೆಯ ಒಂದೇ ಓಣಿಯಲ್ಲಿ ರೈತನ ಮೇಲೆ ಬದುಕುವ ಎಷ್ಟೊಂದು ಕಂಪನಿಗಳು. ಒಂದರಲ್ಲಿ ಕಬ್ಬಿಣದ ನೇಗಿಲು, ಒಂದರಲ್ಲಿ ಎಲುಬಿನ ಗೊಬ್ಬರ, ಒಂದರಲ್ಲಿ ನೀರೆತ್ತುವ ಇಂಜಿನು. ಬೆಳೆದದ್ದನ್ನು ಕೊಳ್ಳುವ ಅಡತಿಗಳು ಎದುರು ಸಾಲಿನಲ್ಲಿ. ಒಬ್ಬರ ಕಾಲಿಗೂ ಕೆಸರಿಲ್ಲ. ಬೀಜದ ಕಂಪನಿಯ ಅಂಗಡಿ ಮೂಲೆಯಲ್ಲಿತ್ತು. ಅಲ್ಲಿದ್ದವನು ಬಟ್ಟಲಲ್ಲಿ ಭತ್ತ ತೋರಿಸಿದ. ಕಾಳು ದಪ್ಪ, ಚೆಂದ. ಎಷ್ಟು ದಿನಕ್ಕೆ ಕೊಯ್ಲು ಎಂದರೆ ಚೀಟಿ ನೋಡಿ ಹೇಳಿದ. ಎಂಥ ಹೊಲದಲ್ಲಿ ಬೆಳೆದದ್ದು ಎಂದೆ, ಚೀಟಿಯಲ್ಲಿ ಅದಿರಲಿಲ್ಲ. ನಿಮ್ಮಲ್ಲಿ ಕಾಲುವೆ ಇದೆಯೇ ಎಂದು ಅವನೇ ಕೇಳಿದ. ಇಲ್ಲ, ಮಳೆ ಅಷ್ಟೇ ಅಂದೆ.

"ಹಂಗಾರ ಇದು ನಿಮಗಲ್ರಿ ಬಾಯಾರ" ಎಂದು ಬಟ್ಟಲನ್ನು ಒಳಗಿಟ್ಟ. ಖರೇ ಹೇಳಿದ, ಅದಕ್ಕೇ ಇನ್ನೂ ನೆನಪಿದ್ದಾನೆ.

ಮನೆಗೆ ಬಂದಾಗ ಅತ್ತೆ ಮೊರದಲ್ಲಿ ಆ ಅಕ್ಕಿ ಹಾಕಿಕೊಂಡು ಕೂತಿದ್ದಳು.

"ಅನ್ನಾ ಮಾಡು. ಮುಂದಿನ ವರ್ಷದ್ದು ಈ ವರ್ಷನ ಉಣ್ಣೂಣು" ಅಂದಳು. ಬೈದಿದ್ದರೆ ಚಲೋ ಇತ್ತು.

ನಮ್ಮ ಕಡೆ ತಮ್ಮ ಬಿತ್ತನೆ ಮುಗಿಯುವ ತನಕ ಯಾರೂ ಬೀಜ ಹೊರಗೆ ಕೊಡುವುದಿಲ್ಲ. ಜ್ವರ ಬಿಟ್ಟ ಗಂಡ ನಮ್ಮ ಅರ್ಧ ಹೊಲ ಬಿತ್ತಿದ. ನಾನು ಬಾಜು ಹೊಲದ ಮುದುಕಿಯ ಕೂರಿಗೆ ಯಾವಾಗ ನಿಲ್ಲುತ್ತದೆ ಎಂದು ಬದುವಿನ ಮೇಲೆ ನಾಲ್ಕು ದಿನ ತಿರುಗಾಡಿದೆ. ಪಡುವಣದಲ್ಲಿ ಮೋಡ ದಿನಾ ಕಪ್ಪಾಗುತ್ತಿತ್ತು. ಐದನೆಯ ದಿನ ಅವಳೇ ಕರೆದಳು.

"ಏ ಅಕ್ಕಿ ಬಿತ್ತಾಕಿ, ಬುಟ್ಟಿ ತಗೊಂಡ ಬಾ."

ಎರಡು ಬುಟ್ಟಿ ಕೊಟ್ಟಳು. ಕೆಳಗಿನ ಮೂಲೆಯೊಂದು ಬೀಳು ಬಿತ್ತು, ಉಳಿದದ್ದು ಬಿತ್ತಿದೆವು. ಮರುದಿನವೇ ಮಳೆ.

ಸುಗ್ಗಿಯಲ್ಲಿ ತೆನೆ ಆರಿಸುವ ಕುಡುಗೋಲನ್ನು ಅತ್ತೆ ನನ್ನ ಕೈಗೆ ಕೊಟ್ಟು ಹೊರಟುಹೋದಳು. ಒಂದೊಂದೇ ತೆನೆ ನೋಡಿ, ಮುದುಕಿ ಕೊಟ್ಟ ಬೀಜದ್ದು ಬಿಟ್ಟು ನಮ್ಮ ಭತ್ತವನ್ನಷ್ಟೇ ಕೊಯ್ದೆ. ಗಳಗಿಯ ತೂತಿಗೆ ಸೆಗಣಿ ಮೆತ್ತಿ, ಬೀಜ ತುಂಬಿ ಬಾಯಿ ಮುಚ್ಚಿದೆ. ಕಂಪನಿಯ ಚೀಲವನ್ನು ಕಾಲೊರೆಸಲು ಬಾಗಿಲಿಗೆ ಹಾಕಿದೆ.